ವಿಮಾನದ ಉಸಿರು ಸೋರಿದರೆ…

ಬೆಳಗಾವಿಯಿಂದ ಪೂರ್ವಕ್ಕೆ ಹೊರಟ ಬಸ್ಸು ಊರ ಗಡಿಯನ್ನು ದಾಟಿದ ಸ್ವಲ್ಪ ಹೊತ್ತಿನಲ್ಲೇ ಸಾಂಬ್ರಾ ಗ್ರಾಮವನ್ನು ಸೇರುತ್ತದೆ. ಅಲ್ಲಿಂದ ಮುಂದೆ ನೇಸರಗಿ, ಯರಗಟ್ಟಿಗಳನ್ನು ಹಾಯುವ ಈ ದಾರಿ ಒಂದು ಕವಲಿನಿಂದ ಸವದತ್ತಿಯ ಯಾತ್ರಿಕರನ್ನೂ ಇನ್ನೊಂದು ಕವಲಿನಿಂದ ರಾಮದುರ್ಗದ ನೇಕಾರರನ್ನೂ ಅವರವರ ಊರಿಗೆ ಮುಟ್ಟಿಸುವುದು. ನೇಸರಗಿಯಲ್ಲಿ ಬಲಕ್ಕೆ ಹೊರಳಿದರೆ ಬೈಲಹೊಂಗಲ. ಅದನ್ನೂ ದಾಟಿ ದಕ್ಷಿಣಕ್ಕೆ ನಡೆದರೆ ರಾಣಿ ಚೆನ್ನಮ್ಮನ ಕಿತ್ತೂರು. ಜೋಳ, ಹತ್ತಿ, ಕಬ್ಬುಗಳ ಈ ನಾಡಿನ ಹೆಬ್ಬಾಗಿಲಿನಲ್ಲಿಯೇ, ಎರಡನೆಯ ಮಹಾಯುದ್ಧದ ನಡುವೆ, ೧೯೪೨ರಲ್ಲಿ ಬ್ರಿಟಿಷ್ ವಾಯುಪಡೆ ಒಂದು ವಿಮಾನ ನಿಲ್ದಾಣವನ್ನು ನಿರ್ಮಿಸಿತು. ಇಂದು ಅಲ್ಲಿ ಪ್ರಯಾಣಿಕರ ವಿಮಾನಗಳು ಇಳಿಯುತ್ತವೆ. ಪಕ್ಕದಲ್ಲಿ ಭಾರತೀಯ ವಾಯುಪಡೆಯ ತರಬೇತಿ ಶಾಲೆಯಿದೆ. ೨೦೨೧ರಲ್ಲಿ ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟ ಕಲಿಸುವ ಶಾಲೆಗಳಿಗೆಂದು ಆಯ್ದ ಐದು ನಿಲ್ದಾಣಗಳಲ್ಲಿ ಕಲಬುರಗಿಯೊಡನೆ ಬೆಳಗಾವಿಯೂ ಒಂದಾಯಿತು.

೨೦೨೩ರ ಮೇ ೩೦ರಂದು ಇಲ್ಲಿಂದ ಮೇಲೇರಿದ ಎರಡು ಆಸನಗಳ ತರಬೇತಿ ವಿಮಾನವೊಂದು ಸಮೀಪದ ಹೊನ್ನಿಹಾಳದ ಹೊಲದಲ್ಲಿ ಇಳಿಯಬೇಕಾಯಿತು. ತಾಂತ್ರಿಕ ತೊಂದರೆ ಎಂದು ಪತ್ರಿಕೆಗಳು ವರದಿ ಮಾಡಿದವು. ಒಳಗಿದ್ದ ಇಬ್ಬರೂ ಬದುಕಿ ಹೊರಬಂದರು. ಸುತ್ತಲಿನ ಊರುಗಳಿಂದ ಜನ ಓಡಿ ಬಂದು ನೆರೆದರು. ನೆಲಕ್ಕೆ ತಾಕಿ ಮುರಿದ ರೆಕ್ಕೆಯನ್ನೂ ಮೂತಿಯನ್ನೂ ನೋಡುತ್ತಿದ್ದವರಲ್ಲಿ ಅನೇಕರಿಗೆ ಒಂದು ಸಂಗತಿ ಅಚ್ಚರಿಯದಾಗಿದ್ದಿರಬೇಕು: ಇಷ್ಟು ಪುಟ್ಟ ಯಂತ್ರವೆ ಮನುಷ್ಯರನ್ನು ಮುಗಿಲಿಗೆ ಒಯ್ಯುವುದು? ತಮ್ಮ ಊರಿನ ಜೀಪಿನ ಎಂಜಿನಿಗಿಂತ ಬಹಳ ದೊಡ್ಡದಲ್ಲದ ಒಂದೇ ಒಂದು ಎಂಜಿನ್ನಿನ ಮೇಲೆ ಎರಡು ಜೀವಗಳ ಭಾರವೆ?

ಹೌದು, ಒಂದೇ ಎಂಜಿನು. ಆದುದರಿಂದಲೇ ಅದನ್ನು ಕಾಯುವವರು ಅದರ ಮೈಯನ್ನು ಒರೆಸಿ, ಎಣ್ಣೆಯನ್ನು ಬದಲಿಸಿ ಸುಮ್ಮನಾಗುವುದಿಲ್ಲ. ನಿಯತಕಾಲಕ್ಕೊಮ್ಮೆ ಅದರ ಉಸಿರನ್ನು ಪರೀಕ್ಷಿಸುತ್ತಾರೆ. ಎಷ್ಟು ಗಾಳಿಯನ್ನು ಅದು ಒಳಗೆ ಹಿಡಿದಿಡಬಲ್ಲದು, ಹಿಡಿಯಲಾರದೆ ಬಿಟ್ಟ ಗಾಳಿ ಯಾವ ಸಂದಿನಿಂದ ಹೊರಬೀಳುತ್ತಿದೆ ಎಂಬುದನ್ನು ಕಿವಿಗೊಟ್ಟು ಆಲಿಸುತ್ತಾರೆ. ಈ ಪರೀಕ್ಷೆಯ ವಿಚಾರ ಕೇಳಲು ಹೊಸದಾದರೂ ಅದರ ತಿರುಳು ಮಲಪ್ರಭೆಯ ದಂಡೆಯ ರೈತನಿಗೆ ಹೊಸದಲ್ಲ.

ಹ್ಯಾಂಡಲು ಹೇಳುವ ಮಾತು

ವಿದ್ಯುತ್ತಿನ ಪಂಪುಗಳು ಬರುವ ಮೊದಲು ಈ ಭಾಗದ ಬಾವಿಗಳಿಗೂ ಹೊಳೆದಂಡೆಗಳಿಗೂ ನೀರೆತ್ತುವ ಡೀಸೆಲ್ ಎಂಜಿನುಗಳೇ ಆಸರೆಯಾಗಿದ್ದವು. ಹಿಟ್ಟಿನ ಗಿರಣಿ ನಡೆದುದು ಅವುಗಳಿಂದ. ಕಬ್ಬಿನ ಗಾಣ ತಿರುಗಿದುದೂ ಅವುಗಳಿಂದ. ಅಂಥ ಎಂಜಿನನ್ನು ಕೈಯಿಂದ ಚಾಲೂ ಮಾಡಿದವರಿಗೆ ಅದರ ತಲೆಯ ಮೇಲಿನ ಪುಟ್ಟ ಸನ್ನೆಗೋಲು ನೆನಪಿರುವುದು. ಅದನ್ನು ಎತ್ತಿ ಹಿಡಿದರೆ ಒಳಗಿನ ಒಂದು ಕವಾಟ ತೆರೆದೇ ಇರುತ್ತದೆ; ಹ್ಯಾಂಡಲು ಸರಾಗವಾಗಿ ತಿರುಗುತ್ತದೆ. ವೇಗ ಸಾಕಷ್ಟು ಕೂಡಿದೊಡನೆ ಸನ್ನೆಗೋಲನ್ನು ಕೆಳಗೆ ಬಿಟ್ಟರೆ ಸಾಕು, ಒಳಗಿನಿಂದ ಯಾರೋ ಹ್ಯಾಂಡಲನ್ನು ಹಿಡಿದು ತಡೆದಂತಾಗುತ್ತದೆ. ಆ ತಡೆಯನ್ನು ಮೀರಿ ಒಂದು ಸುತ್ತು ಹೋದರೆ ಎಂಜಿನು ಗುಡುಗಿ ಎದ್ದೇಳುವುದು.

ಹಾಗೆ ತಡೆದದ್ದು ಬೇರೇನೂ ಅಲ್ಲ, ಗಾಳಿ. ಹೊರಗೆ ಹೋಗಲು ದಾರಿಯಿಲ್ಲದೆ ಸಿಲಿಂಡರಿನೊಳಗೆ ಇಕ್ಕಟ್ಟಿಗೆ ಸಿಕ್ಕ ಗಾಳಿ. ಈ ಇಕ್ಕಟ್ಟಿಗೆ ಕಾರಖಾನೆಯ ಭಾಷೆಯಲ್ಲಿ ಕಂಪ್ರೆಶನ್ ಎಂದೂ ಗ್ರಂಥದ ಭಾಷೆಯಲ್ಲಿ ಸಂಪೀಡನವೆಂದೂ ಹೆಸರು. ಹೊಲದಲ್ಲಿ ಅದಕ್ಕೆ 'ದಮ್ಮು' ಎಂದರೆ ಸಾಕು.

"ಮಿಸ್ತ್ರಿಯವರ, ಎಂಜಿನ್ನಿಗೆ ದಮ್ಮ ಇಲ್ದಂಗ ಆಗೇತ್ರಿ. ಎಷ್ಟ ತಿರುವಿದ್ರೂ ಚಾಲೂ ಆಗವಲ್ದು" ಎಂದು ರೈತ ಬಂದು ಹೇಳುವನು.

ಮಿಸ್ತ್ರಿ ಬಂದು ಹ್ಯಾಂಡಲನ್ನು ನಿಧಾನವಾಗಿ ಒಂದು ಸುತ್ತು ತಿರುವಿ, ಸೈಲೆನ್ಸರಿನ ಬಾಯಿಗೆ ಕಿವಿಯೊಡ್ಡುವನು. "ವಾಲ್ವ್ ಸೋರಾಕತ್ತೇತ್ರಿ ಗೌಡ್ರ. ತೆಗದು ಗ್ರೈಂಡ್ ಮಾಡಬೇಕು" ಎಂದು ಅವನ ಉತ್ತರ.

ಈ ನಾಲ್ಕು ಮಾತುಗಳ ಸಂಭಾಷಣೆಯಲ್ಲಿ ವಿಮಾನಶಾಸ್ತ್ರದ ಒಂದು ಪ್ರಮುಖ ಪರೀಕ್ಷೆಯೇ ಅಡಗಿದೆ. ದಮ್ಮು ಕಡಿಮೆಯಾದುದನ್ನು ಅಳೆಯುವುದು ಮೊದಲ ಕೆಲಸ. ಅದು ಎಲ್ಲಿ ಸೋರಿಹೋಗುತ್ತಿದೆ ಎಂದು ಹುಡುಕುವುದು ಎರಡನೆಯದು. ಮೊದಲನೆಯದಕ್ಕಿಂತ ಎರಡನೆಯದೇ ಹೆಚ್ಚಿನದು.

ಇಂಥ ಎಂಜಿನುಗಳಿಗೂ ಈ ಸೀಮೆಗೂ ಒಂದು ಹಳೆಯ ನಂಟುಂಟು. ಸವದತ್ತಿಯ ನೆರೆಯ ಗುರ್ಲಹೊಸೂರಿನಲ್ಲಿ ೧೮೬೯ರ ಜೂನ್ ೨೦ರಂದು ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತಮ್ಮ ಉದ್ಯಮವನ್ನು ಆರಂಭಿಸಿದರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ತಯಾರಿಸಿ, ೧೯೧೦ರಲ್ಲಿ ಔಂಧ ಸಂಸ್ಥಾನದ ಬಂಜರು ನೆಲಕ್ಕೆ ಹೋಗಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಮನೆತನದ ಸಂಸ್ಥೆ ೧೯೪೬ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನುಗಳ ಕಾರಖಾನೆಯನ್ನು ಆರಂಭಿಸಿತು. ಗುರ್ಲಹೊಸೂರಿನ ಮಗನ ಹೆಸರನ್ನು ಹೊತ್ತ ಯಂತ್ರಗಳು ಹೀಗೆ ಊರೂರಿನ ಬಾವಿಗೆ ಬಂದು ಕುಳಿತವು. ಅವುಗಳೊಡನೆ ಎಂಜಿನ್ನಿನ ದಮ್ಮನ್ನು ಬಲ್ಲ ಕೈಗಳೂ ಕಿವಿಗಳೂ ಹಳ್ಳಿಗಳಲ್ಲಿ ಹುಟ್ಟಿಕೊಂಡವು.

ಏಳು ಸೇರು ಒಂದು ಸೇರಿನಲ್ಲಿ

ಹಗುರ ವಿಮಾನದ ಎಂಜಿನು ಡೀಸೆಲಿನದಲ್ಲ. ಬಹುಮಟ್ಟಿಗೆ ಪೆಟ್ರೋಲ್ ಜಾತಿಯದು. ಆದರೂ ಉಸಿರಾಟದ ಕ್ರಮ ಒಂದೇ. ಪಿಸ್ಟನ್ ಕೆಳಗಿಳಿಯುವಾಗ ಇನ್ಲೆಟ್ ವಾಲ್ವು ತೆರೆದು ಗಾಳಿ ಮತ್ತು ಇಂಧನದ ಮಿಶ್ರಣ ಒಳಬರುವುದು. ಎರಡೂ ವಾಲ್ವುಗಳು ಮುಚ್ಚಿಕೊಂಡು ಪಿಸ್ಟನ್ ಮೇಲೇರುವಾಗ ಆ ಮಿಶ್ರಣ ಹಿಂಡಿಹೋಗುವುದು. ಕಿಡಿ ಬಿದ್ದು ಉರಿದಾಗ ಪಿಸ್ಟನ್ನಿಗೆ ನೂಕು ಸಿಗುವುದು. ಕಡೆಗೆ ಎಕ್ಸಾಸ್ಟ್ ವಾಲ್ವು ತೆರೆದು ಹೊಗೆ ಹೊರಗೆ ಹೋಗುವುದು. ಸೆಳೆಯುವುದು, ಹಿಂಡುವುದು, ಉರಿಯುವುದು, ಬಿಡುವುದು: ಇವು ನಾಲ್ಕು ಹೆಜ್ಜೆಗಳು.

ಇವುಗಳಲ್ಲಿ ಎರಡನೆಯ ಹೆಜ್ಜೆ ಸರಿಯಾಗಿ ಬೀಳದಿದ್ದರೆ ಮೂರನೆಯದಕ್ಕೆ ಬಲವಿಲ್ಲ. ಸಡಿಲವಾಗಿ ಹರಡಿದ ಹತ್ತಿಗೆ ಕಿಡಿ ತಾಗಿದರೆ ಅದು ಭಗ್ಗೆಂದು ಸುಮ್ಮನಾಗುವುದು. ಇಕ್ಕಟ್ಟಿನಲ್ಲಿ ಉರಿದ ಮದ್ದಾದರೋ ತೋಪಿನ ಗುಂಡನ್ನೇ ಹಾರಿಸುವುದು. ಎಂಜಿನ್ನಿನಲ್ಲಿ ಗುಂಡಿನ ಸ್ಥಾನ ಪಿಸ್ಟನ್ನಿನದು.

ಕರ್ನಾಟಕದಲ್ಲಿಯೇ ಹುಟ್ಟಿದ ಒಂದು ವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರಖಾನೆಯ 'ಪುಷ್ಪಕ' ೧೯೫೮ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಹಾರಿತು. ಇಬ್ಬರು ಪಕ್ಕಪಕ್ಕದಲ್ಲಿ ಕೂರುವ, ಬಟ್ಟೆಯ ಹೊದಿಕೆಯ ಈ ಪುಟ್ಟ ವಿಮಾನ ದೇಶದ ಹಾರಾಟ ಸಂಘಗಳಲ್ಲಿ ಅನೇಕ ವರ್ಷ ಕಲಿಯುವವರ ಕೈಗೂಸಾಗಿತ್ತು. ಅದರ ಮೂತಿಯಲ್ಲಿದ್ದುದು ೯೦ ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನು. ಒಂದಕ್ಕೊಂದು ಎದುರುಬದುರಾಗಿ ಮಲಗಿದ ನಾಲ್ಕು ಸಿಲಿಂಡರುಗಳು. ತಂಪು ಮಾಡಲು ನೀರಿಲ್ಲ, ಬೀಸುವ ಗಾಳಿಯೇ ಗತಿ. ಅದರ ಸಂಪೀಡನದ ಪ್ರಮಾಣ ಏಳಕ್ಕೆ ಒಂದು. ಅಂದರೆ ಏಳು ಸೇರು ಹಿಡಿಯುವ ಪಾತ್ರೆಯ ಗಾಳಿಯನ್ನು ಒಂದು ಸೇರಿನ ಪಾತ್ರೆಗೆ ತುಂಬಿದಂತೆ. ಪೂರ್ಣ ಶಕ್ತಿಯಲ್ಲಿ ಎಂಜಿನು ನಿಮಿಷಕ್ಕೆ ೨,೪೭೫ ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಈ ತುಂಬುವಿಕೆ ಕ್ಷಣಕ್ಕೆ ಇಪ್ಪತ್ತು ಸಲ ನಡೆಯಬೇಕು.

ಇಷ್ಟು ಗಾಳಿಯನ್ನು ಹಿಡಿದಿಡುವ ಕಾವಲುಗಾರರು ಮೂವರು. ಪಿಸ್ಟನ್ನಿನ ಸುತ್ತ ತೊಡಿಸಿದ ಉಕ್ಕಿನ ಅಥವಾ ಬೀಡಿನ ರಿಂಗುಗಳು ಒಬ್ಬರು. ಅವು ಸಿಲಿಂಡರಿನ ಗೋಡೆಯನ್ನು ಒತ್ತಿಕೊಂಡು ಜಾರಬೇಕು. ಇನ್ಲೆಟ್ ವಾಲ್ವು ಇನ್ನೊಬ್ಬರು. ಎಕ್ಸಾಸ್ಟ್ ವಾಲ್ವು ಮೂರನೆಯವರು. ವಿಮಾನವನ್ನು ಕಟ್ಟಿದವರು ಬಹಳಷ್ಟನ್ನು ಜೋಡಿಯಾಗಿ ಇಟ್ಟಿದ್ದಾರೆ. ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ಗುಗಳುಂಟು. ಅವುಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೊಗಳೂ ಎರಡು. ಒಂದು ಕೆಟ್ಟರೆ ಇನ್ನೊಂದು ನಡೆಸುವುದು. ಆದರೆ ಎಕ್ಸಾಸ್ಟ್ ವಾಲ್ವಿಗೆ ಜೋಡಿಯಿಲ್ಲ. ಸಿಲಿಂಡರಿಗೆ ಒಂದೇ. ಅದು ಕೆಟ್ಟರೆ ಆ ಸಿಲಿಂಡರು ಕೆಟ್ಟಂತೆ. ನಾಲ್ಕರಲ್ಲಿ ಒಂದು ಕೈಬಿಟ್ಟರೆ ಉಳಿದ ಮೂರು ನಡುಗುತ್ತ ಎಳೆಯಬೇಕು.

ಪಂಖವನ್ನು ತಿರುವಿ ನೋಡುವುದು

ಪುಷ್ಪಕಕ್ಕಿಂತ ಮೊದಲು ೧೯೫೧ರ ಆಗಸ್ಟಿನಲ್ಲಿ ಅದೇ ಬೆಂಗಳೂರಿನಿಂದ ಎಚ್.ಟಿ.-೨ ಎಂಬ ತರಬೇತಿ ವಿಮಾನ ಹಾರಿತ್ತು. ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಇದರಲ್ಲಿ ೧೫೫ ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನು ಇದ್ದಿತು. ಅದರ ನಾಲ್ಕು ಸಿಲಿಂಡರುಗಳು ತಲೆಕೆಳಗಾಗಿ ನೇತಾಡುವಂಥವು. ಇಂಥ ಎಂಜಿನು ನಿಂತಾಗ ಎಣ್ಣೆ ಮೆಲ್ಲಗೆ ಜಿನುಗಿ ಸಿಲಿಂಡರಿನ ತಲೆಯ ಕಡೆಗೆ ಸೇರುವ ಭಯವುಂಟು. ಎಣ್ಣೆ ಗಾಳಿಯಂತೆ ಹಿಂಡಿಸಿಕೊಳ್ಳುವುದಿಲ್ಲ. ಅದು ತುಂಬಿದಾಗ ಎಂಜಿನನ್ನು ಚಾಲೂ ಮಾಡಿದರೆ ಒಳಗಿನ ದಂಡಗಳೇ ಬಾಗಬಹುದು. ಆದಕಾರಣ ದಿನದ ಮೊದಲ ಹಾರಾಟಕ್ಕೆ ಮುಂಚೆ ಪ್ರೊಪೆಲ್ಲರನ್ನು, ಅಂದರೆ ಪಂಖವನ್ನು, ಕೈಯಿಂದ ಕೆಲವು ಸುತ್ತು ತಿರುವಿ ನೋಡುವ ಪದ್ಧತಿ ಬೆಳೆಯಿತು.

ಈ ಪದ್ಧತಿಯಿಂದ ಇನ್ನೊಂದು ಲಾಭವೂ ಆಯಿತು. ತಿರುವುವ ಕೈಗೆ ನಾಲ್ಕು ಸಿಲಿಂಡರುಗಳ ತಡೆ ಒಂದಾದ ಮೇಲೊಂದರಂತೆ ಸಿಕ್ಕುತ್ತದೆ. ಬಿಗಿ, ಬಿಗಿ, ಬಿಗಿ, ಸಡಿಲ. ಮತ್ತೆ ಬಿಗಿ, ಬಿಗಿ, ಬಿಗಿ, ಸಡಿಲ. ಹೀಗೆ ಒಂದು ಸರದಿಯಲ್ಲಿ ಪ್ರತಿಸಲವೂ ತಡೆ ಸತ್ತಂತಾದರೆ ಒಂದು ಸಿಲಿಂಡರಿಗೆ ದಮ್ಮಿಲ್ಲವೆಂದು ಕಣ್ಣು ಮುಚ್ಚಿ ಹೇಳಬಹುದು. ಬೆಂಗಳೂರಿನ ಜಕ್ಕೂರು ಮೈದಾನದ ಸರಕಾರಿ ಹಾರಾಟ ಶಾಲೆಯಂಥ ಕಡೆಗಳಲ್ಲಿ ಬೆಳೆದ ಹಳೆಯ ತಲೆಮಾರಿನ ಯಂತ್ರಜ್ಞರಿಗೆ ಇದು ನಾಡಿ ಹಿಡಿದು ನೋಡಿದಷ್ಟು ಸಹಜವಾದ ವಿದ್ಯೆ.

ಆದರೆ ನಾಡಿ ಹಿಡಿಯುವವನು ಎಚ್ಚರ ತಪ್ಪಬಾರದು. ಮ್ಯಾಗ್ನೆಟೊಗಳ ಸ್ವಿಚ್ಚನ್ನು ಆರಿಸಿದ್ದರೂ ಅದರ ತಂತಿ ಒಳಗೆ ತುಂಡಾಗಿದ್ದರೆ ಕಿಡಿ ಜೀವಂತವಾಗಿಯೇ ಇರುತ್ತದೆ. ಬೆಚ್ಚಗಿನ ಎಂಜಿನ್ನಿನಲ್ಲಿ ಉಳಿದ ಹನಿ ಇಂಧನ ಸಾಕು, ಪಂಖ ಒಮ್ಮೆಲೆ ಬೀಸಿಬಿಡುವುದು. ಆದುದರಿಂದ ಯಾವ ಪಂಖವನ್ನಾಗಲಿ ಎಂಜಿನು ಈಗಲೇ ಎದ್ದೀತೆಂಬ ಭಾವನೆಯಿಂದಲೇ ಮುಟ್ಟಬೇಕೆಂದು ಶಾಲೆಯ ಮೊದಲ ದಿನವೇ ಕಲಿಸುವರು.

ಎರಡು ಮಾಪಕ, ಒಂದು ಸೂಕ್ಷ್ಮರಂಧ್ರ

ಕೈ ಹೇಳುವ ಮಾತು ಅನುಭವಿಗೆ ಸಾಕು, ಬರೆದಿಡಲು ಸಾಲದು. ಬರೆದಿಡಬೇಕಾದರೆ ಅಂಕಿ ಬೇಕು. ಅದಕ್ಕಾಗಿ ಒಂದು ಸರಳ ಉಪಕರಣವುಂಟು. ಒಂದು ಲೋಹದ ಕೊಳವೆಯ ಮೇಲೆ ಎರಡು ಒತ್ತಡಮಾಪಕಗಳು. ಅವೆರಡರ ನಡುವೆ ಗಾಳಿ ಹಾಯಲು ಒಂದು ಸೂಕ್ಷ್ಮರಂಧ್ರ. ಸಣ್ಣ ಎಂಜಿನುಗಳಿಗೆ ಈ ರಂಧ್ರದ ವ್ಯಾಸ ಅಂಗುಲದ ಸಾವಿರ ಪಾಲುಗಳಲ್ಲಿ ನಲವತ್ತು, ಎಂದರೆ ಸರಿಸುಮಾರು ಒಂದು ಮಿಲಿಮೀಟರು.

ಎಂಜಿನನ್ನು ಓಡಿಸಿ ಬಿಸಿ ಮಾಡಿ ನಿಲ್ಲಿಸುತ್ತಾರೆ. ಬಿಸಿಯಲ್ಲಿ ಲೋಹ ಹಿಗ್ಗಿ ತನ್ನ ನಿಜವಾದ ಅಳತೆಗೆ ಬಂದಿರುತ್ತದೆ. ರಿಂಗುಗಳ ಮೇಲೆ ಎಣ್ಣೆಯ ತೆಳುಪದರ ಹರಡಿರುತ್ತದೆ. ತಣ್ಣಗಿನ ಎಂಜಿನ್ನಿನ ಸಾಕ್ಷ್ಯವನ್ನು ನಂಬಲಾಗದು. ಬಳಿಕ ಪ್ರತಿ ಸಿಲಿಂಡರಿನಿಂದ ಒಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಪರೀಕ್ಷೆಗೆ ಒಳಗಾಗುವ ಸಿಲಿಂಡರಿನ ರಂಧ್ರಕ್ಕೆ ಉಪಕರಣದ ಕೊಳವೆಯನ್ನು ತಿರುಪಿ ಕೂರಿಸುವರು. ಹಿಂಡುವ ಹೆಜ್ಜೆಯ ಕಟ್ಟಕಡೆಯಲ್ಲಿ, ಪಿಸ್ಟನ್ ತನ್ನ ಮೇಲ್ತುದಿಯನ್ನು ಮುಟ್ಟಿ ಎರಡೂ ವಾಲ್ವುಗಳು ಮುಚ್ಚಿಕೊಂಡಿರುವಾಗ, ಪಂಖವನ್ನು ಅಲುಗದಂತೆ ಹಿಡಿಯಬೇಕು.

ಈಗ ಗಾಳಿಯನ್ನು ಬಿಡುವರು. ಮೊದಲು ಸ್ವಲ್ಪವೇ, ಪಿಸ್ಟನ್ ನೆಟ್ಟಗೆ ಮೇಲ್ತುದಿಯಲ್ಲಿದೆ ಎಂದು ಖಚಿತವಾದ ಮೇಲೆ ಚದರಂಗುಲಕ್ಕೆ ೮೦ ಪೌಂಡಿನವರೆಗೆ. ಮೋಟಾರು ಕಾರಿನ ಟೈರಿನ ಗಾಳಿಗಿಂತ ಇದು ಇಮ್ಮಡಿಗೂ ಮೇಲು. ಪುಷ್ಪಕದಂಥ ಎಂಜಿನ್ನಿನಲ್ಲಿ ಪಿಸ್ಟನ್ನಿನ ಅಗಲ ನಾಲ್ಕು ಅಂಗುಲಕ್ಕೆ ಸ್ವಲ್ಪ ಮೇಲೆ. ಲೆಕ್ಕ ಹಾಕಿದರೆ ಅದರ ತಲೆಯ ಮೇಲೆ ಬೀಳುವ ಒತ್ತು ಸುಮಾರು ೪೭೦ ಕಿಲೋಗ್ರಾಂ. ಬೈಲಹೊಂಗಲದ ಪೇಟೆಯಲ್ಲಿ ಐದು ಕ್ವಿಂಟಲ್ ಹತ್ತಿಯನ್ನು ಒಂದು ತಟ್ಟೆಯಗಲದ ಜಾಗದಲ್ಲಿ ಹೇರಿದಂತೆಯೇ ಸರಿ. ಪಿಸ್ಟನ್ ಮೇಲ್ತುದಿಯಿಂದ ಕೂದಲೆಳೆಯಷ್ಟು ಸರಿದಿದ್ದರೂ ಈ ಭಾರ ಅದನ್ನು ಕೆಳಗೆ ತಳ್ಳಿ ಪಂಖವನ್ನು ಗಿರ್ರನೆ ತಿರುಗಿಸುವುದು. ಪಂಖ ಹಿಡಿದವನ ತೋಳು ಮುರಿಯಲು ಅಷ್ಟು ಸಾಕು. ಎಂಜಿನು ನಿಂತಿದ್ದರೂ ಈ ಪರೀಕ್ಷೆಯನ್ನು ಒಬ್ಬನೇ ಮಾಡತಕ್ಕದ್ದಲ್ಲ.

ಮೊದಲನೆಯ ಮಾಪಕ ೮೦ ಎನ್ನುತ್ತದೆ. ಸಿಲಿಂಡರಿನಲ್ಲಿ ಸೋರಿಕೆಯೇ ಇಲ್ಲದಿದ್ದರೆ ಎರಡನೆಯದೂ ೮೦ ಎನ್ನಬೇಕು. ಸೋರಿಕೆ ಇದ್ದರೆ ಎರಡನೆಯದು ಅದಕ್ಕಿಂತ ಕೆಳಗೆ ನಿಲ್ಲುವುದು. ತೂತುಬಿದ್ದ ತೊಟ್ಟಿಗೆ ಸಣ್ಣ ನಲ್ಲಿಯಿಂದ ನೀರು ಬಿಟ್ಟರೆ ಆಗುವುದೂ ಹೀಗೆಯೇ. ತೂತು ಚಿಕ್ಕದಾದರೆ ನೀರಿನ ಮಟ್ಟ ಮೇಲೆ ನಿಲ್ಲುವುದು. ದೊಡ್ಡದಾದರೆ ತೊಟ್ಟಿ ತುಂಬುವುದೇ ಇಲ್ಲ. ಎರಡನೆಯ ಮಾಪಕ ೭೪ರಲ್ಲಿ ನಿಂತರೆ ಪುಸ್ತಕದಲ್ಲಿ '೭೪/೮೦' ಎಂದು ಬರೆಯುವರು. ಯಾವ ಎಂಜಿನ್ನೂ ಪೂರ್ಣ ೮೦ನ್ನು ಹಿಡಿಯದು. ರಿಂಗುಗಳ ತುದಿಗಳ ನಡುವೆ ಬೇಕೆಂದೇ ಬಿಟ್ಟ ಸಂದು ಸ್ವಲ್ಪ ಗಾಳಿಯನ್ನು ಬಿಟ್ಟೇ ಬಿಡುವುದು.

ಸೋರುವ ಸದ್ದು

ಇಲ್ಲಿಂದ ಮುಂದೆ ಕೆಲಸ ಕಿವಿಯದು. ಗಾಳಿ ತುಂಬಿದ ಸಿಲಿಂಡರಿನಿಂದ 'ಸುಸ್' ಎಂಬ ಸಣ್ಣ ಸದ್ದು ಎಲ್ಲಿಯಾದರೂ ಕೇಳಿಬರುತ್ತದೆ. ಸೈಲೆನ್ಸರಿನ ಬಾಯಿಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವು ತನ್ನ ಪೀಠದ ಮೇಲೆ ಸರಿಯಾಗಿ ಕೂತಿಲ್ಲ. ಕಾರ್ಬ್ಯುರೇಟರಿಗೆ ಗಾಳಿ ಒಳಬರುವ ದಾರಿಯಲ್ಲಿ ಕೇಳಿದರೆ ತಪ್ಪು ಇನ್ಲೆಟ್ ವಾಲ್ವಿನದು. ಎಣ್ಣೆ ತುಂಬುವ ಬಾಯಿಯ ಮುಚ್ಚಳವನ್ನು ತೆಗೆದು ಕಿವಿಯೊಡ್ಡಿದಾಗ ಕೇಳಿಸಿದರೆ ಗಾಳಿ ರಿಂಗುಗಳ ಪಕ್ಕದಿಂದ ಕೆಳಗೆ ನುಸುಳುತ್ತಿದೆ. ಈ ಮೂರೂ ಕಡೆ ಮೌನವಿದ್ದು ಮಾಪಕ ಮಾತ್ರ ಕೆಳಗಿದ್ದರೆ ಸಿಲಿಂಡರಿನ ತಲೆಗೂ ಪ್ಲಗ್ಗಿನ ಸುತ್ತಲಿಗೂ ಸಾಬೂನಿನ ನೀರನ್ನು ಹಚ್ಚುವರು. ಸೈಕಲ್ಲಿನ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಪಂಕ್ಚರು ಹುಡುಕುವಂತೆ. ಲೋಹ ಬಿರುಕು ಬಿಟ್ಟಿದ್ದರೆ ಅಲ್ಲಿ ಗುಳ್ಳೆಗಳೇಳುವುವು.

ಮಾಪಕದಲ್ಲಿ ಅಂಕಿ ಒಂದೇ ಆಗಿದ್ದರೂ ಈ ನಾಲ್ಕು ಸೋರಿಕೆಗಳ ಅರ್ಥ ಬೇರೆ ಬೇರೆ. ಅಂಕಿಯನ್ನಷ್ಟೆ ಓದಿ ಎದ್ದು ಹೋಗುವವನು ಅರ್ಧ ಪರೀಕ್ಷೆ ಮಾಡಿದಂತಾಯಿತು.

ಬಹುಕಾಲದಿಂದ ಎಂಜಿನಿಯರುಗಳ ನಡುವೆ ಒಂದು ನಿಯಮ ರೂಢಿಯಲ್ಲಿದ್ದಿತು: ೮೦ರಲ್ಲಿ ೬೦ ನಿಂತರೆ ಪಾಸು, ಅದಕ್ಕಿಂತ ಇಳಿದರೆ ಸಿಲಿಂಡರನ್ನು ಬಿಚ್ಚು. ನೂರಕ್ಕೆ ಇಪ್ಪತ್ತೈದರಷ್ಟು ಸೋರಿಕೆಗೆ ಕ್ಷಮೆ, ಅದಕ್ಕೆ ಮೇಲೆ ಇಲ್ಲ. ಅನುಭವ ಬೆಳೆದಂತೆ ಈ ನಿಯಮ ಎರಡೂ ಕಡೆ ತಪ್ಪಬಹುದೆಂದು ಕಂಡುಬಂದಿತು. ರಿಂಗಿನ ಸೋರಿಕೆಯಿಂದ ಅಂಕಿ ಕೆಳಗಿಳಿದ ಸಿಲಿಂಡರು ಹಾರಾಟದಲ್ಲಿ ಸಾಕಷ್ಟು ಬಲವಾಗಿಯೇ ದುಡಿಯಬಲ್ಲದು. ಕಾರಣ ಸರಳ. ಪರೀಕ್ಷೆಯಲ್ಲಿ ಪಿಸ್ಟನ್ ನಿಂತಿರುತ್ತದೆ. ಗಾಳಿಗೆ ಸೋರಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಕ್ಷಣಕ್ಕೆ ಇಪ್ಪತ್ತು ಸಲ ಉಸಿರಾಡುವಾಗ ಅಷ್ಟು ವ್ಯವಧಾನವೆಲ್ಲಿ? ಅಲ್ಲದೆ ರಿಂಗುಗಳು ಓಡುವಾಗ ತಮ್ಮಷ್ಟಕ್ಕೆ ಸುತ್ತುತ್ತವೆ. ಅವುಗಳ ಸಂದುಗಳೆಲ್ಲ ಒಂದೇ ಸಾಲಿಗೆ ಬಂದ ದಿನ ಅಂಕಿ ಕೆಟ್ಟದಾಗಿ, ಇನ್ನೊಂದು ದಿನ ತಾನಾಗಿಯೇ ಸುಧಾರಿಸುವುದುಂಟು. ಆದುದರಿಂದ ಇಂಥ ಸಿಲಿಂಡರನ್ನು ಒಡನೆಯೆ ಬಿಚ್ಚದೆ, ನಿಯಮ ಒಪ್ಪುವ ಮಿತಿಯೊಳಗೆ ಮತ್ತೆ ಓಡಿಸಿ ಮತ್ತೆ ಅಳೆಯುವುದು ವಿವೇಕ.

ಎಕ್ಸಾಸ್ಟ್ ವಾಲ್ವಿನ ಸದ್ದು ಮಾತ್ರ ಹಾಗಲ್ಲ. ಎಂಜಿನ್ನಿನ ಭಾಗಗಳಲ್ಲೆಲ್ಲ ಅತಿಹೆಚ್ಚಿನ ಕಾವನ್ನು ತಿನ್ನುವ ಭಾಗ ಅದು. ಉರಿದ ಅನಿಲವೆಲ್ಲ ಅದರ ಕೊರಳನ್ನು ಸವರಿಯೇ ಹೊರಗೆ ಹೋಗಬೇಕು. ಆ ಕಾವನ್ನು ಅದು ಕಳೆದುಕೊಳ್ಳುವುದು ಬಹುಮಟ್ಟಿಗೆ ಪೀಠವನ್ನು ಮುಟ್ಟಿ ಕೂತ ಕ್ಷಣದಲ್ಲಿ. ಇಂಧನದ ಸೀಸವೋ ಮಸಿಯೋ ಒಂದು ಕಡೆ ಅಂಟಿಕೊಂಡಿತೆನ್ನಿ. ಅಲ್ಲಿ ವಾಲ್ವಿಗೂ ಪೀಠಕ್ಕೂ ಸ್ಪರ್ಶ ತಪ್ಪುವುದು. ಸ್ಪರ್ಶ ತಪ್ಪಿದಲ್ಲಿ ಕಾವು ಇಳಿಯದು. ಸಂದಿನಿಂದ ಬೆಂಕಿಯ ಎಳೆಯೊಂದು ನುಸುಳತೊಡಗುವುದು. ಅದರಿಂದ ಅಂಚು ಇನ್ನಷ್ಟು ಬೇಯುವುದು, ಬೆಂದು ಸೊಟ್ಟಗಾಗುವುದು, ಸೊಟ್ಟಗಾಗಿ ಇನ್ನಷ್ಟು ಸೋರುವುದು. ಒಂದು ದಿನ ಆ ಅಂಚಿನ ತುಂಡು ಕಳಚಿಬೀಳುವುದು. ಆ ದಿನ ವಿಮಾನ ನೆಲದ ಮೇಲಿರುವುದೋ ಮುಗಿಲಿನಲ್ಲಿರುವುದೋ ಹೇಳಬಲ್ಲವರಾರು?

ಆದುದರಿಂದ ಅಂಕಿ ೭೦ಕ್ಕೆ ಸಮೀಪವಿದ್ದರೂ ಸೈಲೆನ್ಸರಿನಲ್ಲಿ ಸ್ಪಷ್ಟವಾದ ಸದ್ದಿದ್ದರೆ ಜಾಣನಾದ ಎಂಜಿನಿಯರನು ಸುಮ್ಮನಿರನು. ಮೊದಲು ಮಸಿಯ ಹರಳೊಂದು ಸಿಕ್ಕಿಕೊಂಡಿರಬಹುದೆಂದು ಎಂಜಿನನ್ನು ಮತ್ತೊಮ್ಮೆ ಓಡಿಸಿ ನೋಡುವನು. ಆಗಲೂ ಸದ್ದು ನಿಲ್ಲದಿದ್ದರೆ ಪ್ಲಗ್ಗಿನ ರಂಧ್ರದಿಂದ ದೀಪವುಳ್ಳ ತೆಳ್ಳನೆಯ ದರ್ಶಕನಳಿಗೆಯನ್ನು ಇಳಿಬಿಟ್ಟು ವಾಲ್ವಿನ ಮುಖವನ್ನೇ ನೋಡುವನು. ಆರೋಗ್ಯವುಳ್ಳ ವಾಲ್ವಿನ ಬಣ್ಣ ಬಿಲ್ಲೆಯಂತೆ ಸುತ್ತಲೂ ಸಮನಾಗಿ ಹರಡಿರುವುದು. ಒಂದು ಪಕ್ಕದ ಅಂಚಿನಲ್ಲಿ ಮಾತ್ರ ಬಣ್ಣ ಬೇರೆಯಾಗಿ ಚಂದ್ರನ ಕಲೆಯಂತೆ ಕಂಡರೆ ಅಲ್ಲಿ ಸುಡುವಿಕೆ ಆರಂಭವಾಗಿದೆ. ಪುಷ್ಪಕಕ್ಕೆ ಎಂಜಿನನ್ನು ಒದಗಿಸಿದ ಅದೇ ಕಾಂಟಿನೆಂಟಲ್ ಕಂಪನಿ ೨೦೦೩ರಲ್ಲಿ ಹೊರಡಿಸಿದ ಸೂಚನೆಯಲ್ಲಿ ಒತ್ತಡದ ಪರೀಕ್ಷೆಯೊಡನೆ ಈ ಒಳನೋಟವನ್ನೂ ಸೇರಿಸಿತು. ಕಿವಿಗೆ ಕಣ್ಣು ಸಾಕ್ಷಿಯಾಯಿತು.

ಒಂದೂವರೆ ನಿಮಿಷದ ಲೆಕ್ಕ

ಇಷ್ಟೊಂದು ಜತನವೇಕೆಂದು ಕೇಳುವವರು ಬಾವಿಯ ಎಂಜಿನಿಗೂ ವಿಮಾನದ ಎಂಜಿನಿಗೂ ಇರುವ ಒಂದು ಅಂತರವನ್ನು ನೆನೆಯಬೇಕು. ಬಾವಿಯ ಎಂಜಿನು ನಿಂತರೆ ಪೈರು ಒಂದು ದಿನ ಬಾಡುವುದು, ಮಿಸ್ತ್ರಿ ಬರುವವರೆಗೆ ಕಾಯಬಹುದು. ಮುಗಿಲಿನಲ್ಲಿ ಎಂಜಿನು ನಿಂತರೆ ಕಾಯುವ ಅವಕಾಶವಿಲ್ಲ. ವಿಮಾನ ಕಲ್ಲಿನಂತೆ ಬೀಳುವುದಿಲ್ಲ ನಿಜ. ಹದ್ದಿನಂತೆ ತೇಲುತ್ತ ಇಳಿಯುವುದು. ತರಬೇತಿ ಶಾಲೆಗಳಲ್ಲಿ ಲೋಕವೆಲ್ಲ ಬಳಸುವ ಸೆಸ್ನಾ-೧೭೨ರಂಥ ವಿಮಾನ ಸಾವಿರ ಅಡಿ ಎತ್ತರದಿಂದ ಗಾಳಿಯಿಲ್ಲದ ಹೊತ್ತಿನಲ್ಲಿ ಮೂರು ಕಿಲೋಮೀಟರಿಗೆ ಕೊಂಚ ಕಡಿಮೆ ದೂರ ತೇಲಬಲ್ಲದು. ಅದಕ್ಕೆ ಹಿಡಿಯುವ ಹೊತ್ತು ಹೆಚ್ಚೆಂದರೆ ಒಂದೂವರೆ ನಿಮಿಷ.

ಆ ಒಂದೂವರೆ ನಿಮಿಷದಲ್ಲಿ ಕಲಿಯುವ ಹುಡುಗನೋ ಹುಡುಗಿಯೋ ಕೆಳಗೆ ನೋಡಿ ಒಂದು ಹೊಲವನ್ನು ಆರಿಸಬೇಕು. ಮೇ ತಿಂಗಳಾದರೆ ಎರೆಯ ನೆಲ ಬಿರುಕು ಬಿಟ್ಟು ಬಾಯಿ ತೆರೆದಿರುವುದು, ಇಲ್ಲವೆ ನೇಗಿಲ ಸಾಲುಗಳಿಂದ ಏರಿಳಿಯಾಗಿರುವುದು. ಮಳೆಗಾಲವಾದರೆ ಅದೇ ನೆಲ ಅಂಟಿನಂತೆ ಚಕ್ರಗಳನ್ನು ಹಿಡಿದು ವಿಮಾನವನ್ನು ಮುಗ್ಗರಿಸುವಂತೆ ಮಾಡುವುದು. ಮೇಲಿನಿಂದ ಹಸಿರು ಹಾಸಿಗೆಯಂತೆ ಕಾಣುವ ಕಬ್ಬಿನ ತೋಟ ಹತ್ತಿರ ಬಂದಾಗ ಆಳೆತ್ತರದ ಬೇಲಿ. ಹೊಲದ ನಡುವೆ ವಿದ್ಯುತ್ ತಂತಿಗಳು. ಬದುವಿನ ಮೇಲೆ ಬನ್ನಿಯ ಮರ, ಕಲ್ಲಿನ ಗುಪ್ಪೆ. ಹೊಲದಲ್ಲಿ ದುಡಿಯುವ ಜನ. ಹೊನ್ನಿಹಾಳದಲ್ಲಿ ಇಬ್ಬರೂ ಬದುಕಿ ಉಳಿದುದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅದರ ಬೆಲೆ ತಿಳಿಯುವುದು.

ಎಂಜಿನು ನಿಲ್ಲಲು ಕಾರಣಗಳು ಹಲವು. ಇಂಧನ ಮುಗಿಯಬಹುದು, ಅದರಲ್ಲಿ ನೀರು ಸೇರಬಹುದು, ಕಾರ್ಬ್ಯುರೇಟರಿನಲ್ಲಿ ಹಿಮ ಕಟ್ಟಬಹುದು. ಅವುಗಳಲ್ಲಿ ಕೆಲವು ಮುನ್ಸೂಚನೆಯಿಲ್ಲದೆ ಬರುವಂಥವು. ಆದರೆ ಸುಡುತ್ತಿರುವ ವಾಲ್ವು ಹಾಗಲ್ಲ. ಅದು ಬಹುಪಾಲು ಸಲ ಮೊದಲೇ ಸುಳಿವು ಕೊಡುತ್ತದೆ. ಹತ್ತಾರು ಗಂಟೆಗಳ ಹಾರಾಟಕ್ಕೆ ಮೊದಲೇ ಅದು ಸೈಲೆನ್ಸರಿನ ಬಾಯಿಯಲ್ಲಿ ಪಿಸುಗುಡಲು ಆರಂಭಿಸಿರುತ್ತದೆ. ಕೇಳುವವರು ಇರಬೇಕಷ್ಟೆ.

ಪುಸ್ತಕದ ಸಾಲು

ತರಬೇತಿ ವಿಮಾನಗಳಿಗೆ ನೂರು ಗಂಟೆಗಳ ಹಾರಾಟಕ್ಕೊಮ್ಮೆ ದೊಡ್ಡ ತಪಾಸಣೆ ನಡೆಯುವುದು ರೂಢಿ. ಆಗ ಪ್ರತಿಯೊಂದು ಸಿಲಿಂಡರಿನ ಅಂಕಿಯನ್ನೂ ಎಂಜಿನ್ನಿನ ಪುಸ್ತಕದಲ್ಲಿ ಬರೆದು, ಸರಕಾರದ ಪರವಾನಗಿ ಪಡೆದ ಎಂಜಿನಿಯರನು ಸಹಿ ಹಾಕಬೇಕು. ಒಂದು ಸಲದ ಅಂಕಿ ಹೇಳುವುದು ಸ್ವಲ್ಪ. ಸಾಲಾಗಿ ಬರೆದ ಅಂಕಿಗಳು ಹೇಳುವುದು ಬಹಳ. ಮೂರನೆಯ ಸಿಲಿಂಡರು ೭೬, ೭೪, ೭೧, ೬೬ ಎಂದು ಇಳಿಯುತ್ತ ಉಳಿದ ಮೂರು ೭೫ರ ಆಸುಪಾಸಿನಲ್ಲೇ ನಿಂತಿದ್ದರೆ, ೬೬ ಇನ್ನೂ ಪಾಸಿನ ಅಂಕಿಯೇ ಆದರೂ ಆ ಇಳಿಜಾರು ಕಣ್ಣಿಗೆ ಕುಕ್ಕಬೇಕು. ಒಡಹುಟ್ಟಿದವರಲ್ಲಿ ಒಬ್ಬ ಮಾತ್ರ ಸೊರಗುತ್ತಿದ್ದರೆ ಮನೆಯವರು ಚಿಂತಿಸುವಂತೆ.

ಇಲ್ಲಿ ಸಹಿ ಹಾಕುವ ಕೈಯ ಕಷ್ಟವನ್ನೂ ಮರೆಯಲಾಗದು. ವಿಮಾನ ಹಾರಿದಷ್ಟು ಶಾಲೆಗೆ ಆದಾಯ, ನಿಂತಷ್ಟು ನಷ್ಟ. ಹೊರಗೆ ಬಿಳಿ ಅಂಗಿಯ ವಿದ್ಯಾರ್ಥಿಗಳು ತಮ್ಮ ಸರದಿಗಾಗಿ ಕಾಯುತ್ತಿರುತ್ತಾರೆ. ಅವರಲ್ಲಿ ಅನೇಕರ ಮನೆಯವರು ಹೊಲವನ್ನೋ ಒಡವೆಯನ್ನೋ ಒತ್ತೆಯಿಟ್ಟು ಶುಲ್ಕ ಕಟ್ಟಿರಬಹುದು. ಮಾಪಕದ ಮುಳ್ಳು ಪಾಸಿನ ಗೆರೆಯನ್ನು 'ಮುಟ್ಟಿಯೂ ಮುಟ್ಟದಂತೆ' ನಿಂತಾಗ, ಪಂಖವನ್ನು ಚೂರು ಅಲುಗಿಸಿ ಎರಡು ಪೌಂಡು ಹೆಚ್ಚಿಗೆ ಓದಿಬಿಡುವುದು ಬಹು ಸುಲಭ. ಯಾರೂ ನೋಡಲಾರರು. ಸಿಲಿಂಡರನ್ನು ಬಿಚ್ಚಿಸುವ ಎಂಜಿನಿಯರನಿಗೆ ಆ ದಿನ ಯಾರ ಹೊಗಳಿಕೆಯೂ ಸಿಗದು. ವಾಲ್ವು ಮುರಿಯುವ ಮೊದಲೇ ಅದನ್ನು ತೆಗೆದುಹಾಕಿದವನಿಗೆ, ಅದು ಮುರಿಯುತ್ತಿತ್ತೆಂದು ತೋರಿಸಲು ಅಪಘಾತದ ಸಾಕ್ಷಿಯೂ ಇರುವುದಿಲ್ಲ. ಹಾರದೆ ಉಳಿದ ಒಂದು ವಿಮಾನ, ಬಿಚ್ಚಿಟ್ಟ ಒಂದು ಸಿಲಿಂಡರು, ಪುಸ್ತಕದಲ್ಲಿ ಒಂದು ಸಾಲು. ಇಷ್ಟೇ ಅವನ ಕೆಲಸದ ಗುರುತು.

ಹಿಂದೆ ಊರಿನ ಹಿಟ್ಟಿನ ಗಿರಣಿಯ ಸದ್ದು ದೂರದ ಹೊಲಕ್ಕೂ ಕೇಳಿಸುತ್ತಿದ್ದಿತು. ಆ ಸದ್ದಿನಲ್ಲಿ ಒಂದು ಬಡಿತ ತಪ್ಪಿದರೆ ಹೊಲದಲ್ಲಿದ್ದ ಮಿಸ್ತ್ರಿ ತಲೆಯೆತ್ತಿ ಊರ ಕಡೆ ನೋಡುತ್ತಿದ್ದನು. ಈಗ ಬೆಳಗಾವಿಯ ಮೂಡಣದ ಹೊಲಗಳಲ್ಲಿ ದುಡಿಯುವವರ ತಲೆಯ ಮೇಲೆ ಒಮ್ಮೊಮ್ಮೆ ಪುಟ್ಟ ವಿಮಾನದ ಗುಂಯ್‌ಗುಟ್ಟುವಿಕೆ ಹಾದುಹೋಗುವುದುಂಟು. ಕಳೆ ತೆಗೆಯುವ ಹೆಣ್ಣುಮಕ್ಕಳು ಕಣ್ಣಿಗೆ ಕೈ ಮರೆಮಾಡಿ ನೋಡುತ್ತಾರೆ; ಮಕ್ಕಳು ಕೈ ಬೀಸುತ್ತಾರೆ. ಆ ಸದ್ದು ಬಡಿತ ತಪ್ಪದೆ ಸಮನಾಗಿ ಹರಿದು ಮರೆಯಾದರೆ, ಹಿಂದಿನ ದಿನ ಶೆಡ್ಡಿನೊಳಗೆ ಯಾರೋ ಒಬ್ಬರು ಪಂಖವನ್ನು ಬಿಗಿಯಾಗಿ ಹಿಡಿದಿದ್ದರು, ಇನ್ನೊಬ್ಬರು ಸೈಲೆನ್ಸರಿನ ಬಾಯಿಗೆ ಕಿವಿಗೊಟ್ಟು ಕುಳಿತಿದ್ದರು ಎಂದು ತಿಳಿಯಬೇಕು.